ಕರ್ನಾಟಕದಲ್ಲಿ ಸೇದುವವರು ನೂರಕ್ಕೆ ಒಂಬತ್ತೇ ಜನ ಅಂತೆ, ನಂಬ್ತೀರಾ?

ಮೂರನೇ ಮಹಡಿ

ಒಂದು ಲೆಕ್ಕ ತಲೆಗೆ ಹತ್ತುತ್ತಿಲ್ಲ, ತಿಳಿದವರು ಬಿಡಿಸಿ ಹೇಳಿ. ಗ್ಯಾಟ್ಸ್ ಅಂತ ಕರೆಯೋ ವಯಸ್ಕರ ತಂಬಾಕು ಸಮೀಕ್ಷೆ ಇದೆಯಲ್ಲ, ಅದರ ಪ್ರಕಾರ 2016-17ರಲ್ಲಿ ನಮ್ಮ ರಾಜ್ಯದ ವಯಸ್ಕರಲ್ಲಿ ಬೀಡಿ, ಸಿಗರೇಟು ಇತ್ಯಾದಿ ಸೇದುವವರು ಶೇ. 8.8. ಅದಕ್ಕೆ ಮುಂಚಿನ ಸುತ್ತಿನಲ್ಲಿ, ಅಂದ್ರೆ 2009-10ರಲ್ಲಿ, ಶೇ. 11.9 ಇತ್ತು. ಇಳಿದಿದೆ, ಸಂತೋಷ. ಆದ್ರೆ ನೂರಕ್ಕೆ ಒಂಬತ್ತೇ ಜನಾನಾ?

ನಮ್ಮ ಆಫೀಸು ಕಟ್ಟಡದ ಕೆಳಗೆ ಒಂದು ಟೀ ಅಂಗಡಿ. ಅಂಗಡಿಯವನು ಲೈಟರ್‌ಗೆ ದಾರ ಕಟ್ಟಿ ಶಟರ್ ಪಕ್ಕದ ಮೊಳೆಗೆ ನೇತುಹಾಕಿದ್ದಾನೆ, ಯಾರೂ ಜೇಬಿಗಿಳಿಸದಿರಲಿ ಅಂತ. ಆ ದಾರ ಪಾಪ ಒಂದು ನಿಮಿಷ ಸುಮ್ಮನೆ ನೇತಾಡೋದಿಲ್ಲ. ಬೆಳಗ್ಗೆ ಹನ್ನೊಂದಕ್ಕೆ ಇಳಿದು ನೋಡಿದ್ರೆ ಹದಿನೈದು ಜನರಲ್ಲಿ ಹತ್ತು ಜನರ ಬೆರಳಲ್ಲಿ ಕಿಡಿ. ಆ ನೂರಕ್ಕೆ ಒಂಬತ್ತು ಜನರೂ ನಮ್ಮ ಕಟ್ಟಡದ ಕೆಳಗೇ ಬಂದು ನಿಂತಿರ್ತಾರಾ ಅಂತ ನನ್ನ ಅನುಮಾನ.

ಸಮೀಕ್ಷೆಯವರಿಗೆ ಜನ ಸುಳ್ಳು ಹೇಳ್ತಾರಾ? ಇಲ್ಲ ನನ್ನ ಕಣ್ಣೇ ಸುಳ್ಳಾ?

ಭಾಗಲಬ್ಧ

ಕಣ್ಣು ಸುಳ್ಳಲ್ಲ ಸಾರ್, ನಿಂತ ಜಾಗ ಸರಿ ಇಲ್ಲ. ಸೇದದವರು ಮೇಲೆ ಕೂತು ಕೆಲಸ ಮಾಡ್ತಿರ್ತಾರೆ, ಅವರು ನಿಮ್ಮ ಎಣಿಕೆಗೆ ಬಂದೇ ಇಲ್ಲ. ಮದುವೆ ಮನೆ ಬಾಗಿಲಲ್ಲಿ ನಿಂತು ಊರಲ್ಲೆಲ್ಲ ರೇಷ್ಮೆ ಸೀರೆನೇ ಉಡ್ತಾರೆ ಅಂದ ಹಾಗಾಯ್ತು.

ಎರಡನೇದು, ಆ 8.8ರ ಕೆಳಗೆ ಯಾರ್ಯಾರನ್ನು ಹಾಕಿ ಭಾಗಿಸಿದ್ದಾರೆ ನೋಡಿ. 15 ವರ್ಷ ದಾಟಿದ ಗಂಡಸರು, ಹೆಂಗಸರು ಎಲ್ಲಾ. ನಮ್ಮಲ್ಲಿ ಹೆಂಗಸರು ಸೇದೋದು ತೀರಾ ಕಡಿಮೆ. ದೇಶದ ಲೆಕ್ಕದಲ್ಲೇ 2016-17ರಲ್ಲಿ ಗಂಡಸರು ಶೇ. 19, ಹೆಂಗಸರು ಶೇ. 2. ಕರ್ನಾಟಕದಲ್ಲಿ ಹೆಂಗಸರ ಪಾಲು ಸೊನ್ನೆ ಹತ್ತಿರ ಅಂತ ಇಟ್ಕೊಂಡ್ರೆ, 8.8 ಅನ್ನೋದು ಗಂಡಸರ ಮಟ್ಟಿಗೆ ಸುಮಾರು ಎರಡು ಪಟ್ಟು, ಅಂದ್ರೆ 17ರ ಆಸುಪಾಸು. ಆರು ಗಂಡಸರಲ್ಲಿ ಒಬ್ಬ. ಈಗ ನಿಮ್ಮ ಟೀ ಅಂಗಡಿ ಅಷ್ಟೇನೂ ವಿಚಿತ್ರ ಅನ್ನಿಸಲ್ಲ.

ತಲೆ ಲೆಕ್ಕವನ್ನೂ ಹಾಕಿ. 2011ರ ಜನಗಣತಿಯಲ್ಲಿ ರಾಜ್ಯದ ಜನಸಂಖ್ಯೆ 6.11 ಕೋಟಿ. ಅದರಲ್ಲಿ 15 ದಾಟಿದವರು ಸುಮಾರು ನಾಲ್ಕೂವರೆ ಕೋಟಿ. ಅದಕ್ಕೆ ಶೇ. 8.8 ಅಂದ್ರೂ ಸುಮಾರು 40 ಲಕ್ಷ ಜನ ಆಯ್ತು. "ಒಂಬತ್ತೇ" ಅಂದ್ರಲ್ಲ, ಆ "ಏ"ಕಾರದ ಒಳಗೆ ನಲವತ್ತು ಲಕ್ಷ ಜನ ಇದ್ದಾರೆ.

ಸ್ವಂತ ಶ್ವಾಸ

11.9ರಿಂದ 8.8 ಅಂದ್ರೆ ಏಳು ವರ್ಷದಲ್ಲಿ ಬರೀ ಶೇ. 3 ಇಳಿಕೆ. ಇಷ್ಟಕ್ಕೆ ಇಷ್ಟೊಂದು ಕಾನೂನು, ಬೋರ್ಡು, ಸಿನಿಮಾದಲ್ಲಿ ಆ ಸೀಳು ಗಂಟಲಿನ ಜಾಹೀರಾತು.

ಭಾಗಲಬ್ಧ

ಶೇ. 3 ಇಳಿಕೆ ಅಲ್ಲ, 3.1 ಅಂಶ ಇಳಿಕೆ. 11.9ರಲ್ಲಿ 3.1 ಹೋಯ್ತು ಅಂದ್ರೆ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಹೋಯ್ತು, ಶೇ. 26. ಪತ್ರಿಕೆಯವರೂ ಇದೊಂದನ್ನು ಯಾವಾಗಲೂ ಕಲಸಿಬಿಡ್ತಾರೆ. ನಾಲ್ಕು ಜನ ಸೇದ್ತಿದ್ದ ಕಡೆ ಈಗ ಮೂರು ಜನ ಅಂತ ತಿಳ್ಕೊಳ್ಳಿ.

ಆದ್ರೆ ನಾನು ಚಪ್ಪಾಳೆ ತಟ್ಟೋಕೆ ಹೇಳ್ತಿಲ್ಲ. ಯಾಕೆ ಅಂದ್ರೆ ಈ ಲೆಕ್ಕದಿಂದ ಹೊರಗೆ ಹೋಗೋಕೆ ಎರಡು ಬಾಗಿಲಿದೆ. ಬಿಟ್ಟವರೂ ಹೋಗ್ತಾರೆ, ಸತ್ತವರೂ ಹೋಗ್ತಾರೆ. ಐವತ್ತರ ಬೀಡಿ ಸೇದುವವ ಸತ್ರೆ ಸೇದುವವರ ಪ್ರಮಾಣ ಅಷ್ಟು ಇಳೀತು. ಇಳಿಕೆ ನೋಡಿದಾಗ ಯಾವ ಬಾಗಿಲಿಂದ ಎಷ್ಟು ಜನ ಹೋದ್ರು ಅಂತ ಕೇಳಬೇಕು. ಜೊತೆಗೆ ಒಳಗೆ ಬರೋ ಬಾಗಿಲು ಒಂದಿದೆ, ಹೊಸದಾಗಿ ಶುರು ಮಾಡೋರದ್ದು. ದೇಶದ ಮಟ್ಟದಲ್ಲಿ ಶುರು ಮಾಡುವ ಸರಾಸರಿ ವಯಸ್ಸು 17.9ರಿಂದ 18.9ಕ್ಕೆ ಏರಿದೆ ಅಂತ ಅದೇ ಸಮೀಕ್ಷೆ ಹೇಳುತ್ತೆ. ನನ್ನ ಪ್ರಕಾರ ಇಡೀ ವರದಿಯಲ್ಲಿ ನೆಮ್ಮದಿ ಕೊಡೋ ಅಂಕಿ ಅದೊಂದೇ.

ಜವಾರಿ ಜ್ವಾಳ

ಸೇದೋದು ಕಡಿಮಿ ಆಗೇತಿ, ಖರೆ ಅದ. ನಮ್ಮಪ್ಪನ ಕಾಲಕ್ಕ ಕಟ್ಟೀ ಮ್ಯಾಲ ಕುಂತ ಹತ್ತು ಮಂದ್ಯಾಗ ಎಂಟು ಮಂದಿ ಬೀಡಿ ಹಚ್ಚತಿದ್ರು. ಈಗ ಅದೇ ಕಟ್ಟೀ ಮ್ಯಾಲ ಒಬ್ಬಂವ ಇಬ್ರು ಹಚ್ಚಿದ್ರ ಹೆಚ್ಚು. ಆದ್ರ ಉಳದವ್ರ ಬಾಯಿ ಖಾಲಿ ಅದಾವನು? ನೋಡ್ರಿ ಒಮ್ಮೆ ಬಂದು. ಒಬ್ಬಂವ ಅಂಗೈಯಾಗ ಸುಣ್ಣ ತಂಬಾಕ ತಿಕ್ಕತಿರ್ತಾನ, ಒಬ್ಬಂವ ಎರಡು ಚೀಟಿ ಹರದು ಒಂದರಾಗೊಂದು ಸುರುವಿ ಅಲುಗಾಡಸ್ತಿರ್ತಾನ. ಗುಟಕಾ ಬಂದ್ ಮಾಡಿದ್ದು 2013ರಾಗ. ಬಂದ್ ಆದ ಮ್ಯಾಲ ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಒಂದು ಚೀಟಿ, ಬ್ಯಾರೆ ಬ್ಯಾರೆ ಮಾರಾಕ ಶುರು ಮಾಡಿದ್ರು. ಕೂಡಸೋ ಕೆಲಸ ಗಿರಾಕೀದು. ಕಾನೂನಿಗೂ ಸಮಾಧಾನ, ಬಾಯಿಗೂ ಸಮಾಧಾನ.

ನೀವು ಬೆಂಗಳೂರಿನ್ಯಾರು ಬರೇ ಹೊಗಿ ಎಣಸ್ತೀರಿ. ಉಗುಳು ಯಾರು ಎಣಸಬೇಕ್ರಿ?

ಭಾಗಲಬ್ಧ

ಜವಾರಿಯವರೇ, ಅದನ್ನೂ ಎಣಿಸಿದ್ದಾರೆ. ಅದೇ 2016-17ರಲ್ಲಿ ಕರ್ನಾಟಕದಲ್ಲಿ ಹೊಗೆ ಇಲ್ಲದ ತಂಬಾಕು, ಅಂದ್ರೆ ಜಗಿಯೋದು, ತಿಕ್ಕೋದು, ಮೂಗಿಗೇರಿಸೋದು ಎಲ್ಲ ಸೇರಿ ಶೇ. 16.3. ಸೇದೋರ ಹತ್ತಿರ ಹತ್ತಿರ ಎರಡು ಪಟ್ಟು. 2009-10ರಲ್ಲಿ 19.4 ಇತ್ತು. ಎರಡರಲ್ಲಿ ಯಾವುದೋ ಒಂದನ್ನಾದ್ರೂ ಬಳಸೋರು ಒಟ್ಟು 28.2ರಿಂದ 22.8ಕ್ಕೆ ಇಳಿದಿದೆ.

ಈಗ ಒಂದು ಮಜಾ. 8.8ಕ್ಕೆ 16.3 ಕೂಡಿಸಿ. 25.1 ಬಂತು. ಒಟ್ಟು ಇರೋದು 22.8. ಹೆಚ್ಚಾದ 2.3 ಎಲ್ಲಿಂದ ಬಂತು? ಎರಡೂ ಮಾಡೋರನ್ನು ಎರಡು ಸಲ ಎಣಿಸಿದ್ದರಿಂದ. ಅಂದ್ರೆ ಸೇದೋರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬ ಜಗಿಯೋದೂ ಉಂಟು. 2009-10ಕ್ಕೆ ಇದೇ ಲೆಕ್ಕ ಹಾಕಿದ್ರೆ 3.1 ಬರುತ್ತೆ. ಅಲ್ಲೂ ನಾಲ್ಕರಲ್ಲಿ ಒಬ್ಬ. ಸೇದೋದು ಕಾಲು ಭಾಗ ಇಳಿದ್ರೂ ಈ ಅನುಪಾತ ಅಲುಗಾಡಿಲ್ಲ.

ನಿಮ್ಮ ಕಟ್ಟೆ ಮಾತನ್ನೂ ಅಂಕಿ ಪೂರ್ತಿ ತಳ್ಳಿಹಾಕಲ್ಲ. ಜಗಿಯೋದು ಶೇ. 16ರಷ್ಟು ಇಳಿದಿದೆ, ಸೇದೋದು ಶೇ. 26. ಎರಡೂ ಇಳಿದಿವೆ, ಒಂದೇ ಓಟದಲ್ಲಿ ಅಲ್ಲ.

ಕುಡ್ಲದ ಕೊಡೆ

ನೀವೆಲ್ಲ ಸೇದುವವರನ್ನೇ ಎಣಿಸ್ತಾ ಇದ್ದೀರಿ ಮಾರಾಯ್ರೆ, ಕಟ್ಟುವವರದ್ದು ಯಾರಿಗೂ ನೆನಪಿಲ್ಲ. ನಮ್ಮ ಅಮ್ಮ ಮೂವತ್ತು ವರ್ಷ ಬೀಡಿ ಕಟ್ಟಿದ್ದಾರೆ. ಸಂಜೆ ಎಲೆ ನೆನೆ ಹಾಕುವುದು, ಬೆಳಗ್ಗೆ ಅಳತೆಗೆ ಕತ್ತರಿಸುವುದು, ಮತ್ತೆ ತಡ್ಪೆ (ಮೊರ) ಮಡಿಲಲ್ಲಿ ಇಟ್ಟುಕೊಂಡು ಕೂತರೆ ಕಣ್ಣು ಎಲ್ಲಿಯೋ, ಕೈ ಎಲ್ಲಿಯೋ. ಹೊಗೆಸೊಪ್ಪಿನ ಹುಡಿ ಹಾಕಿ, ಸುರುಟಿ, ನೂಲು ಸುತ್ತಿ, ತುದಿ ಮಡಚಿ ಒತ್ತುವಾಗ ಉಗುರು ಬೇಕು. ಅಮ್ಮನ ಬಲಗೈ ಹೆಬ್ಬೆರಳಿನ ಉಗುರು ಈಗಲೂ ಓರೆ ಉಂಟು. ಸಂಬಳ ಸಾವಿರದ ಲೆಕ್ಕ. ಬೀಡಿ ಕಂಪೆನಿಯ ಬ್ರಾಂಚಿಗೆ ಕೊಂಡು ಹೋದರೆ ಅಲ್ಲಿಯವರು ಸರಿ ಇಲ್ಲ ಅಂತ ಒಂದಷ್ಟು ಪಕ್ಕಕ್ಕೆ ಹಾಕ್ತಿದ್ರು. ಆ ಪಕ್ಕಕ್ಕೆ ಹಾಕಿದ್ದು ವಾಪಸು ಕೊಡ್ತಿರಲಿಲ್ಲ, ಸಂಬಳವೂ ಇಲ್ಲ. ಅದು ಯಾರ ಜೇಬಿಗೆ ಹೋಯಿತು ಅಂತ ಅಮ್ಮ ಇವತ್ತಿಗೂ ಕೇಳ್ತಾರೆ.

ನನ್ನ ಕಾಲೇಜು ಫೀಸು ಅದರಿಂದಲೇ. ಆದ ಕಾರಣ ಬೀಡಿ ಅಂದರೆ ಥೂ ಅನ್ನಲಿಕ್ಕೆ ನನಗೆ ಬರುವುದಿಲ್ಲ. ಆದರೆ ನಮ್ಮ ಮನೆಯಲ್ಲಿ ಒಬ್ಬರೂ ಸೇದುವವರಿಲ್ಲ, ಅಮ್ಮ ಬಿಡುತ್ತಿರಲಿಲ್ಲ. "ಇದು ಕಟ್ಟಲಿಕ್ಕೆ, ಸೇದಲಿಕ್ಕೆ ಅಲ್ಲ" ಅಂತ.

ಅಮ್ಮನಿಗೆ ದಿನಾ ಕೆಮ್ಮು. ನಿಮ್ಮ ಸಮೀಕ್ಷೆಯಲ್ಲಿ ಅವರು "ಬಳಸುವುದಿಲ್ಲ" ಅಂತ ಬರೆಸಿಕೊಳ್ತಾರೆ, ಅದು ಸತ್ಯವೇ.

ಹುಣಸೂರು ರಸ್ತೆ

ಅಕ್ಕ, ನಿಮ್ಮಮ್ಮನ ಮಾತು ನಮ್ಮನೆ ಮಾತೂ ಹೌದು. ನಮ್ಮದು ಹುಣಸೂರು ತಾಲ್ಲೂಕು, ಹೊಗೆಸೊಪ್ಪು ಬೆಳೆಗಾರರು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ಬಂದು ನೋಡಿ, ಹೊಲಕ್ಕೊಂದು ಬ್ಯಾರನ್, ಅಂದ್ರೆ ಸೊಪ್ಪು ಹದ ಮಾಡೋ ಮನೆ. ಹದ ಮಾಡೋ ಟೈಮಲ್ಲಿ ರಾತ್ರಿ ಎರಡು ಗಂಟೆಗೆ ಎದ್ದು ಸೌದೆ ತುರುಕಿ ಶಾಖ ನೋಡಬೇಕು, ಒಂದು ರಾತ್ರಿ ನಿದ್ದೆ ಜಾಸ್ತಿ ಆದ್ರೆ ಸೊಪ್ಪಿನ ಬಣ್ಣ ಕೆಟ್ಟು ಹರಾಜಲ್ಲಿ ಕೇಳೋರಿಲ್ಲ. ಮಳೆ ಬಿದ್ದ ಮಾರನೇ ದಿನ ಒದ್ದೆ ಸೊಪ್ಪು ಮುರಿಯೋಕೆ ಇಳಿದ್ರೆ ತಲೆ ಸುತ್ತು, ವಾಂತಿ. ಚಿಕ್ಕವನಿದ್ದಾಗ ನನಗೆ ದೃಷ್ಟಿ ಆಗಿದೆ ಅಂತ ಅಜ್ಜಿ ಮೆಣಸಿನಕಾಯಿ ನಿವಾಳಿಸ್ತಿತ್ತು. ನಿಕೋಟಿನ್ ಚರ್ಮದಿಂದ ಒಳಗೆ ಇಳಿಯುತ್ತೆ ಅಂತ ಗೊತ್ತಾಗಿದ್ದು ಡಿಗ್ರಿ ಓದುವಾಗ.

ಇಲ್ಲಿ ಎಲ್ಲರೂ ತಂಬಾಕು ನಿಲ್ಸಿ ಅಂತಾರೆ. 1976ರಿಂದ ತಂಬಾಕು ಮಂಡಳಿ ಅಂತ ಸರ್ಕಾರದ್ದೇ ಇದೆ, ಲೈಸೆನ್ಸು ಕೊಡೋದು ಅವರೇ, ಹರಾಜು ಕಟ್ಟೆ ನಡೆಸೋದೂ ಅವರೇ. ಒಂದು ಕೈ ಬೆಳೆಸುತ್ತೆ, ಇನ್ನೊಂದು ಕೈ ದಂಡ ಹಾಕುತ್ತೆ. ಬೇರೆ ಬೆಳೆ ಹಾಕಿ ಅಂತಾರೆ, ಹಾಕಿದ್ವಿ ಕೂಡ. ಟೊಮೆಟೊ ಬೆಲೆ ಬಿದ್ದಾಗ ರಸ್ತೆಗೆ ಸುರಿದು ಬಂದ್ವಿ. ಹೊಗೆಸೊಪ್ಪನ್ನು ಇಲ್ಲಿವರೆಗೆ ಯಾರೂ ರಸ್ತೆಗೆ ಸುರಿದಿಲ್ಲ.

ಜವಾರಿ ಜ್ವಾಳ

ಬೆಲಿ ಅಂದ್ರ ನಿಪ್ಪಾಣಿ ಹೇಳಬೇಕ್ರಿ. 1981ರಾಗ ಬೀಡಿ ತಂಬಾಕಿಗೆ ಯೋಗ್ಯ ಬೆಲಿ ಕೊಡ್ರಿ ಅಂತ ಸಾವಿರಗಟ್ಟಲೆ ರೈತ್ರು ಹೆದ್ದಾರಿ ಮ್ಯಾಲ ಕುಂತ್ರು, ಪೊಲೀಸ್ರು ಗುಂಡು ಹಾಕಿದ್ರು, ರೈತ್ರು ಸತ್ರು. ನಮ್ಮ ಕಾಕಾ ಆ ಮಾತು ತಗದ್ರ ಇವತ್ತಿಗೂ ಚಾ ಕುಡಿಯೂದು ಬಿಟ್ಟು ಸುಮ್ಮ ಕುಂದರ್ತಾನ. ಸೇದೋ ಮಂದಿ ಲೆಕ್ಕ ಹೇಳೂ ಮುಂದ ಇದನ್ನೂ ಒಂದ ಸಲ ಹೇಳ್ರಿ.

ಮೂರನೇ ಮಹಡಿ

ನಾನು ಕೇಳಿದ್ದು ಒಂದು ಅಂಕಿ, ಬಂದಿದ್ದು ಇಡೀ ರಾಜ್ಯ. ಎಲ್ಲರಿಗೂ ಥ್ಯಾಂಕ್ಸ್. ಆದ್ರೆ ನನ್ನ ಮೊದಲ ಪ್ರಶ್ನೆ ಹಾಗೇ ಇದೆ. ಜನ ನಿಜ ಹೇಳ್ತಾರಾ?

ದಂತಪಂಕ್ತಿ

ದಂತವೈದ್ಯೆಯಾಗಿ ಹನ್ನೆರಡು ವರ್ಷ ಇದೇ ಪ್ರಶ್ನೆ ಕೇಳಿದ್ದೇನೆ, ಹಾಗಾಗಿ ಇದಕ್ಕೆ ನಾನು ಉತ್ತರಿಸಬಹುದು.

ಶುರುವಿನಲ್ಲಿ "ಏನಾದ್ರೂ ಚಟ ಇದೆಯಾ?" ಅಂತ ಕೇಳ್ತಿದ್ದೆ. ಎಲ್ಲರೂ ಇಲ್ಲ ಅನ್ನೋರು. ಹಲ್ಲು ಕಂದು, ಒಸಡು ಕಪ್ಪು, ಅಂಗಿ ಜೇಬಲ್ಲಿ ಬೀಡಿ ಕಟ್ಟಿನ ಆಕಾರ ಎದ್ದು ಕಾಣ್ತಿದೆ, ಆದ್ರೂ ಇಲ್ಲ. ಆಮೇಲೆ "ಅಭ್ಯಾಸ ಇದೆಯಾ?" ಅಂತ ಬದಲಾಯಿಸಿದೆ. ಅರ್ಧ ಜನ ಒಪ್ಪಿಕೊಂಡ್ರು. ಚಟ ಅಂದ್ರೆ ಕುಡುಕ, ಜೂಜುಕೋರ, ಮನೆ ಹಾಳು ಮಾಡಿದವನು. ಅಭ್ಯಾಸ ಅಂದ್ರೆ ಮರ್ಯಾದಸ್ತರಿಗೂ ಇರಬಹುದು.

ಅದೂ ಸಾಲಲಿಲ್ಲ. "ಸಿಗರೇಟು ಸೇದ್ತೀರಾ?" ಅಂದ್ರೆ "ಛೇ, ಇಲ್ಲ ಮೇಡಂ." "ಬೀಡಿ?" "ಹ್ಞಾಂ, ಅದು ಇದೆ." ಅವರು ಸುಳ್ಳು ಹೇಳಿರಲೇ ಇಲ್ಲ, ನಾನು ಕೇಳಿರಲಿಲ್ಲ ಅಷ್ಟೇ. "ತಂಬಾಕು ಹಾಕ್ತೀರಾ?" ಅಂದ್ರೆ ಇಲ್ಲ. "ಎಲೆ ಅಡಿಕೆ?" "ದಿನಾ." "ಅದರ ಜೊತೆ?" "ಸ್ವಲ್ಪ ಕಡ್ಡಿಪುಡಿ." ಈಗ ಒಂದೊಂದನ್ನೂ ಹೆಸರು ಹೇಳಿ ಕೇಳ್ತೇನೆ. ಒಳ್ಳೆ ಸಮೀಕ್ಷೆಗಳೂ ಹಾಗೇ ಬಿಡಿಬಿಡಿಯಾಗಿ ಕೇಳ್ತವೆ.

ಇನ್ನೊಂದು, ಜೊತೆಗೆ ಯಾರು ಬಂದಿದ್ದಾರೆ ಅನ್ನೋದು. ಸೊಸೆ ಪಕ್ಕದಲ್ಲಿ ನಿಂತಿದ್ರೆ ಅತ್ತೆಗೆ ಯಾವ ಅಭ್ಯಾಸವೂ ಇಲ್ಲ. ಸೊಸೆಯನ್ನು ಹೊರಗೆ ಕಳಿಸಿದ್ರೆ ಸೆರಗಿನ ಗಂಟಿನಿಂದ ಡಬ್ಬಿ ಬರುತ್ತೆ. ಗಂಡಸರದ್ದು ಉಲ್ಟಾ, ಅವರು ಹೆಂಡತಿ ಎದುರು ಸೇದೋದನ್ನು ಒಪ್ಪಿಕೊಳ್ತಾರೆ, ಎಷ್ಟು ಅನ್ನೋದನ್ನು ಮಾತ್ರ ಒಪ್ಪಿಕೊಳ್ಳಲ್ಲ.

ಬಾಯಿಗೆ ಸುಳ್ಳು ಹೇಳೋಕೆ ಬರಲ್ಲ. ಅಗಲ ತೆಗೀರಿ ಅಂದಾಗ ನೆಟ್ಟಗೆ ಮೂರು ಬೆರಳು ಒಳಗೆ ಹೋಗಬೇಕು. ಇಪ್ಪತ್ತಾರು ವರ್ಷದ ಹುಡುಗನೊಬ್ಬನ ಬಾಯಿಗೆ ಒಂದೂವರೆ ಬೆರಳು ಹೋಯ್ತು. ಕೆನ್ನೆ ಒಳಗೆ ಮುಟ್ಟಿದ್ರೆ ಬೆಲ್ಟು ಮುಟ್ಟಿದ ಹಾಗೆ. ಆ ಹುಡುಗ ತಂಬಾಕು ಮುಟ್ಟಿದವನೇ ಅಲ್ಲ, ಬರೀ ಅಡಿಕೆ ಚೀಟಿ, ದಿನಕ್ಕೆ ಎಂಟು ಹತ್ತು. ಬಾಯಿ ಹಾಗೆ ಬಿಗಿದುಕೊಳ್ಳೋಕೆ ಅಡಿಕೆ ಒಂದೇ ಸಾಕು. ಅವನು ನಿಮ್ಮ 22.8ರಲ್ಲೂ ಇಲ್ಲ.

ಭಾಗಲಬ್ಧ

ಡಾಕ್ಟ್ರೇ, ಈ ಚಟ-ಅಭ್ಯಾಸದ ಮಾತು ನಾನು ಎಲ್ಲೂ ಓದಿರಲಿಲ್ಲ. ಪ್ರಶ್ನಾವಳಿ ಅನುವಾದ ಮಾಡೋರು ಇದನ್ನು ಗೋಡೆ ಮೇಲೆ ಬರೆದಿಟ್ಕೋಬೇಕು.

ಯಾರು, ಹೇಗೆ, ಯಾವ ಸಂದರ್ಭದಲ್ಲಿ ಕೇಳಿದ್ರು ಅನ್ನೋದು ಎಷ್ಟು ಮುಖ್ಯ ಅನ್ನೋದಕ್ಕೆ ದೇಶದ ಎರಡು ಲೆಕ್ಕ ಪಕ್ಕಪಕ್ಕ ಇಡ್ತೀನಿ. 2016-17ರ ಗ್ಯಾಟ್ಸ್‌ನಲ್ಲಿ ಯಾವುದೇ ರೂಪದ ತಂಬಾಕು ಬಳಸುವ ಗಂಡಸರು ಶೇ. 42.4, ಹೆಂಗಸರು 14.2. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಗಂಡಸರು 38, ಹೆಂಗಸರು 8.9. ಎರಡೂ 15 ದಾಟಿದವರದ್ದೇ. ಗಂಡಸರದ್ದು ಹತ್ತನೇ ಒಂದು ಭಾಗ ಇಳಿದ್ರೆ ಹೆಂಗಸರದ್ದು ಮೂರನೇ ಒಂದು ಭಾಗ ಮಾಯ. ಅಷ್ಟು ಬೇಗ ಅಷ್ಟೊಂದು ಹೆಂಗಸರು ಬಿಟ್ರಾ, ಇಲ್ಲ ಒಂದು ತಂಬಾಕಿನ ಬಗ್ಗೆಯೇ ಬಂದ ಸಮೀಕ್ಷೆ, ಇನ್ನೊಂದು ಹೆರಿಗೆ, ಲಸಿಕೆ, ಪಾಯಿಖಾನೆ ಎಲ್ಲ ಕೇಳೋ ಸಮೀಕ್ಷೆ ಅನ್ನೋದರ ವ್ಯತ್ಯಾಸವಾ? ನನ್ನ ಓಟು ಎರಡನೇದಕ್ಕೆ. ಹಾಗಾಗಿ ಒಂದು ಸಮೀಕ್ಷೆಯ ಹಳೇ ಅಂಕಿಯನ್ನು ಇನ್ನೊಂದರ ಹೊಸ ಅಂಕಿ ಪಕ್ಕ ಇಟ್ಟು "ಇಳಿದೇ ಬಿಡ್ತು" ಅನ್ನೋರನ್ನು ನಂಬಬೇಡಿ. ಅದೇ ಗಡಿಯಾರದಲ್ಲಿ ಎರಡು ಸಲ ಟೈಮ್ ನೋಡಬೇಕು.

ಪಕ್ಕಾ ಗೊತ್ತಾಗಬೇಕು ಅಂದ್ರೆ ಎಂಜಲು ಇಲ್ಲ ಮೂತ್ರ ತಗೊಂಡು ಕೊಟಿನಿನ್ ನೋಡಬೇಕು. ನಿಕೋಟಿನ್ ದೇಹದಲ್ಲಿ ಒಡೆದು ಆಗೋ ವಸ್ತು ಅದು, ಕೆಲವು ದಿನ ಸಿಗುತ್ತೆ. ಆದ್ರೆ ಮನೆ ಮನೆಗೆ ಹೋಗಿ "ಸ್ವಲ್ಪ ಉಗಿದು ಕೊಡಿ" ಅನ್ನೋಕೆ ದುಡ್ಡೂ ಬೇಕು, ಧೈರ್ಯವೂ ಬೇಕು.

ಮೂರ್ಸಲ ಬಿಟ್ಟವನು

ನನ್ನಂಥವನನ್ನು ಯಾವ ಖಾನೆಗೆ ಹಾಕ್ತೀರಿ ಭಾಗಲಬ್ಧ ಅವರೇ? 2014ರಲ್ಲಿ ಬಿಟ್ಟೆ, ಏಳು ತಿಂಗಳು. 2017ರಲ್ಲಿ ಬಿಟ್ಟೆ, ಹನ್ನೊಂದು ದಿನ. 2021ರಲ್ಲಿ ಬಿಟ್ಟಿದ್ದು ಇವತ್ತಿನವರೆಗೆ ನಿಂತಿದೆ, ದೃಷ್ಟಿ ಆಗದಿರಲಿ. ಸಮೀಕ್ಷೆಯವರು ಆ ಹನ್ನೊಂದು ದಿನದೊಳಗೆ ಬಂದಿದ್ರೆ ನಾನು "ಬಿಟ್ಟಿದ್ದೇನೆ" ಅಂತ ಎದೆ ತಟ್ಕೊಂಡು ಹೇಳ್ತಿದ್ದೆ.

ಬಿಡೋರಿಗೆ ಒಂದು ಮಾತು ಹೇಳ್ತೀನಿ. ಎರಡನೇ ದಿನ, ಮೂರನೇ ದಿನವೇ ನಿಜವಾದ ಕಷ್ಟ. ನಾನು ಮೂರನೇ ದಿನ ಹೆಂಡತಿ ಜೊತೆ ಪ್ರೆಶರ್ ಕುಕ್ಕರ್ ಸೀಟಿ ಎಣಿಸೋ ವಿಷಯಕ್ಕೆ ಜಗಳ ಆಡಿದೆ, ಅವಳು ನಾಲ್ಕು ಅಂತಾಳೆ ನಾನು ಮೂರು ಅಂತೀನಿ, ಧ್ವನಿ ಏರಿ ಪಕ್ಕದ ಮನೆಯವರು ಬಾಗಿಲು ತೆಗೆದ್ರು. ನಾಲ್ಕು ವಾರ ಆಗೋ ಹೊತ್ತಿಗೆ ದೇಹದ್ದು ಬಹುತೇಕ ಮುಗಿಯುತ್ತೆ. ಆಮೇಲೆ ಉಳಿಯೋದು ಕೈಯ್ಯದ್ದು. ಫೋನ್ ಬಂದ ಕೂಡಲೇ ಎಡಗೈ ತಾನೇ ಜೇಬಿಗೆ ಹೋಗುತ್ತೆ. ಅದಕ್ಕೆ ಜೇಬಲ್ಲಿ ಏಲಕ್ಕಿ ಇಟ್ಟೆ.

ತಂಬಾಕು ಬಿಡೋಕೆ ಸಹಾಯ ಮಾಡೋ 1800-11-2356ಕ್ಕೆ ಫೋನ್ ಮಾಡಿದ್ದೆ, ಪ್ಯಾಕ್ ಮೇಲೇ ಅಚ್ಚಾಗಿರೋ ನಂಬರು, 2018ರ ಸೆಪ್ಟೆಂಬರಿಂದ ಹಾಕ್ತಿದ್ದಾರೆ. ಬೆಂಗಳೂರಲ್ಲಿ ನಿಮ್ಹಾನ್ಸ್‌ನವರು ನೋಡ್ಕೊಳ್ತಾರೆ. ಕನ್ನಡದಲ್ಲೇ ಮಾತಾಡಿದ್ರು, ಉಪದೇಶ ಮಾಡಲಿಲ್ಲ. "ದಿನದ ಮೊದಲನೇ ಸಿಗರೇಟು ಎದ್ದ ಎಷ್ಟು ಹೊತ್ತಿಗೆ?" ಅಂತ ಕೇಳಿದ್ರು. "ಎದ್ದ ಕೂಡಲೇ, ಇಲ್ಲಾಂದ್ರೆ ಹೊಟ್ಟೆ ಕೆಲಸ ಮಾಡಲ್ಲ" ಅಂದೆ. ಆ ಕಡೆಯಿಂದ ಸಣ್ಣಗೆ ನಗು ಕೇಳಿಸ್ತು. ಕರ್ನಾಟಕದ ಅರ್ಧ ಗಂಡಸರು ಅದನ್ನೇ ಹೇಳ್ತಿರಬೇಕು.

ಸ್ವಂತ ಶ್ವಾಸ

ಬಿಡೋರು ಬಿಡಲಿ, ಶುಭವಾಗಲಿ. ನನ್ನ ತಕರಾರು ಸರ್ಕಾರದ ಮೇಲೆ. ಸಾರ್ವಜನಿಕ ಜಾಗದಲ್ಲಿ ಸೇದಬಾರದು ಅನ್ನೋ ನಿಯಮ 2008ರ ಅಕ್ಟೋಬರ್ 2ರಿಂದ ಇದೆ, ದಂಡ ₹200. ಈಗ ನಮ್ಮ ರಾಜ್ಯದ 2024ರ ತಿದ್ದುಪಡಿ ಕಾಯ್ದೆಯಲ್ಲಿ ₹1,000. ಗಿರಾಕಿಗೆ ಆಗಿರಬೇಕಾದ ಕನಿಷ್ಠ ವಯಸ್ಸು 18 ಇದ್ದದ್ದು 21 ಆಗಿದೆ. ಬಿಡಿ ಸಿಗರೇಟು ಮಾರಬಾರದು. ಸರಿ, ಒಂದೇ ಸೇದಿ ಸುಮ್ಮನಾಗ್ತಿದ್ದವನಿಗೆ ಹತ್ತರ ಪ್ಯಾಕ್ ಕೊಳ್ಳು ಅಂದ್ರೆ ಹತ್ತೂ ಸೇದ್ತಾನೆ. ಇದೇನಾ ಆರೋಗ್ಯ?

ಅಷ್ಟಕ್ಕೂ ನಿಮ್ಮ ಸಮೀಕ್ಷೆಗೆ 15 ದಾಟಿದವ ವಯಸ್ಕ, ಅಂಗಡಿಯವನಿಗೆ 21 ದಾಟಿದವ ವಯಸ್ಕ, ಓಟು ಹಾಕೋಕೆ 18. ಮೊದಲು ವಯಸ್ಕ ಅಂದ್ರೆ ಯಾರು ಅಂತ ತೀರ್ಮಾನ ಮಾಡ್ಕೊಳ್ಳಿ.

ಭಾಗಲಬ್ಧ

ವಯಸ್ಸಿನ ಮಾತು ಒಪ್ತೀನಿ, ಒಳ್ಳೆ ಕಡೆ ಕೈ ಇಟ್ಟಿದ್ದೀರಿ. 15-17ರ ಹುಡುಗರನ್ನು ಸೇರಿಸಿದ್ರೆ ಭಾಗಿಸೋ ಸಂಖ್ಯೆ ದೊಡ್ಡದಾಗುತ್ತೆ. ಅವರಲ್ಲಿ ಸೇದೋರು ಕಡಿಮೆ, ಸರಾಸರಿ ಸ್ವಲ್ಪ ಕೆಳಗೆ ಎಳೆಯುತ್ತೆ. 18ರಿಂದ ಎಣಿಸೋ ದೇಶಗಳ ಅಂಕಿ ಜೊತೆ ನಮ್ಮದನ್ನು ನೇರ ಹೋಲಿಸಬಾರದು.

ಬಿಡಿ ಸಿಗರೇಟಿನ ಮಾತು ಒಪ್ಪಲ್ಲ. ಬಿಡಿ ಕೊಳ್ಳೋನಿಗೆ ಪ್ಯಾಕ್ ಮೇಲಿನ ಚಿತ್ರವೇ ಕಾಣಲ್ಲ. 2016ರಿಂದ ಪ್ಯಾಕ್‌ನ ಶೇ. 85 ಜಾಗ ಎಚ್ಚರಿಕೆಗೆ ಬಿಡಬೇಕು ಅನ್ನೋದಕ್ಕೆ ಎಷ್ಟು ಗುದ್ದಾಟ ಆಯ್ತು ನೆನಪಿದೆಯಾ? 2017ರ ಡಿಸೆಂಬರಲ್ಲಿ ನಮ್ಮ ಹೈಕೋರ್ಟೇ ಆ ನಿಯಮ ರದ್ದು ಮಾಡಿತ್ತು, 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಅಷ್ಟೆಲ್ಲ ಆಗಿ ಉಳಿದ ಚಿತ್ರವನ್ನು ಅಂಗಡಿಯವನು ಒಬ್ಬನೇ ನೋಡ್ತಾ ಕೂತಿರ್ತಾನೆ. ಹದಿನೇಳರ ಹುಡುಗ ಮೊದಲ ಸಲ ಕೊಳ್ಳೋದು ಒಂದೇ ಒಂದು, ಇಡೀ ಪ್ಯಾಕಲ್ಲ. ಮೂವತ್ತು ವರ್ಷ ಸೇದಿದವನ ಕಷ್ಟ ನೋಡಿ ಕಾನೂನು ಅಳೀಬೇಡಿ, ಆ ಹುಡುಗನನ್ನು ನೋಡಿ.

ಕುಡ್ಲದ ಕೊಡೆ

ಮತ್ತೆ "ಸ್ವಂತ ಶ್ವಾಸ" ಅಂತ ಹೆಸರು ಇಟ್ಟುಕೊಂಡಿದ್ದೀರಲ್ಲ, ಬಸ್‌ಸ್ಟ್ಯಾಂಡಿನಲ್ಲಿ ನನ್ನ ಶ್ವಾಸವನ್ನೂ ಸ್ವಲ್ಪ ನನಗೇ ಬಿಡಿ ಆಯ್ತಾ?

ಸ್ವಂತ ಶ್ವಾಸ

ಆಯ್ತು ಅಕ್ಕ. ಅದಕ್ಕೆ ಉತ್ತರ ಇಲ್ಲ ನನ್ನ ಹತ್ರ.

ದಂತಪಂಕ್ತಿ

ಬೀಡಿ ಬಗ್ಗೆ ಒಂದು ತಪ್ಪು ತಿಳಿವಳಿಕೆ ದಿನಾ ಕೇಳ್ತೇನೆ, "ಎಲೆ ಅಲ್ವಾ ಮೇಡಂ, ಕಾಗದ ಅಲ್ಲ, ನ್ಯಾಚುರಲ್ಲು" ಅಂತ. ಆ ಎಲೆಯೊಳಗೆ ಗಾಳಿ ಸರಿಯಾಗಿ ಆಡಲ್ಲ, ಹಾಗಾಗಿ ಎಳೀತಾ ಇರದಿದ್ರೆ ಆರಿಹೋಗುತ್ತೆ. ಆರಬಾರದು ಅಂತ ಜೋರಾಗಿ, ಮೇಲಿಂದ ಮೇಲೆ ಎಳೀತಾರೆ. ಒಳಗಿರೋ ತಂಬಾಕು ಸಿಗರೇಟಿಗಿಂತ ಕಡಿಮೆ, ಆದ್ರೂ ಟಾರು, ಕಾರ್ಬನ್ ಮಾನಾಕ್ಸೈಡು ಜಾಸ್ತಿ ಒಳಗೆ ಹೋಗುತ್ತೆ. ದೇಶದಲ್ಲಿ ಸಿಗರೇಟು ಸೇದೋರಿಗಿಂತ ಬೀಡಿ ಸೇದೋರೇ ಹೆಚ್ಚು, 2016-17ರಲ್ಲಿ ಸಿಗರೇಟು ಶೇ. 4, ಬೀಡಿ ಶೇ. 7.7. ತೆರಿಗೆ ಮಾತು ಬಂದಾಗ ಮಾತ್ರ ಬೀಡಿಗೆ ರಿಯಾಯಿತಿ. 2017ರಲ್ಲಿ ಜಿಎಸ್‌ಟಿ ಬಂದಾಗ ಸಿಗರೇಟಿಗೆ ಸೆಸ್ ಅಂತ ಹೆಚ್ಚುವರಿ ತೆರಿಗೆ ಹಾಕಿದ್ರು, ಬೀಡಿಗೆ ಹಾಕಲಿಲ್ಲ. ಕುಡ್ಲದವರ ಅಮ್ಮನಂಥವರ ಹೆಸರು ಹೇಳಿ ಕೊಟ್ಟ ರಿಯಾಯಿತಿ ಅದು. ಅದರಲ್ಲಿ ಅವರ ಕೈಗೆ ಎಷ್ಟು ಬಂತೋ ಅವರೇ ಹೇಳಬೇಕು.

ಕುಡ್ಲದ ಕೊಡೆ

ಅಮ್ಮನನ್ನು ಕೇಳಿದೆ. "ಸೆಸ್ ಅಂದರೆ ಎಂತದು?" ಅಂತ ಕೇಳಿದರು.

ಮೂರನೇ ಮಹಡಿ

ಹತ್ತು ದಿನ ಬಿಟ್ಟು ಬರ್ತಿದ್ದೀನಿ, ಕ್ಷಮಿಸಿ. ಡಾಕ್ಟರ್ ಹೇಳಿದ್ದು ತಲೇಲಿ ಕೂತಿತ್ತು. ಭಾನುವಾರ ಭಾವನ ಮನೆ ಗೃಹಪ್ರವೇಶ, ನೆಂಟರೆಲ್ಲ ಸೇರಿದ್ರು. 15 ದಾಟಿದವರು ಸರಿಯಾಗಿ 41 ಜನ, ಎಲೆ ಲೆಕ್ಕ ಹಾಕಿದ್ದು ನಾನೇ. ಊಟ ಆದ್ಮೇಲೆ ತಮಾಷೆಗೆ ಎಲ್ಲರೆದುರು ಕೇಳ್ದೆ, ಯಾರ್ಯಾರು ಸೇದ್ತೀರಪ್ಪ ಕೈ ಎತ್ತಿ ಅಂತ. ಎರಡು ಕೈ. ಅದ್ರಲ್ಲಿ ಒಂದು ಅಡುಗೆ ಭಟ್ಟರದ್ದು, ಅವರು ನೆಂಟರಲ್ಲ.

ಸಂಜೆವರೆಗೆ ಒಬ್ಬೊಬ್ಬರನ್ನೇ ಟೆರೇಸ್ ಮೇಲೆ, ನೀರಿನ ಟ್ಯಾಂಕಿನ ಹಿಂದೆ, ಚಪ್ಪಲಿ ಹುಡುಕೋ ನೆಪದಲ್ಲಿ ಕೇಳ್ತಾ ಬಂದೆ. ಸೇದೋರು 5 ಆದ್ರು. ಒಬ್ಬ ಮಾವ "ಬಿಟ್ಟು ವರ್ಷ ಆಯ್ತು" ಅಂದವರು ಟ್ಯಾಂಕಿನ ಹಿಂದೆಯೇ ಸಿಕ್ಕಿದ್ರು. ಜಗಿಯೋರು 6. ಸೋದರತ್ತೆ ಕಡ್ಡಿಪುಡಿ ಹಾಕ್ತಾರೆ ಅಂತ ನನಗೆ ನಲವತ್ತು ವರ್ಷದಿಂದ ಗೊತ್ತಿರಲಿಲ್ಲ! ಡಾಕ್ಟರ್ ಹೇಳಿದ ಹಾಗೇ ಕೇಳಿದ್ದು, "ಎಲೆ ಅಡಿಕೆ ಜೊತೆ ಏನತ್ತೆ?" ಅಂತ. ಸೊಸೆ ಕಡೆ ಒಂದು ಸಲ ನೋಡಿ, ಮೆಲ್ಲಗೆ "ಒಂಚೂರು" ಅಂದ್ರು.

5ನ್ನು 41ರಿಂದ ಭಾಗಿಸಿದ್ರೆ ಶೇ. 12.195.

ಭಾಗಲಬ್ಧ

41 ಜನಕ್ಕೆ ಮೂರು ದಶಾಂಶ ಹಾಕಿದ್ರೆ ಎಲ್ಲೋ ಒಬ್ಬ ಗಣಿತದ ಮೇಷ್ಟ್ರು ಹಾಸಿಗೆ ಹಿಡೀತಾರೆ. "41ರಲ್ಲಿ 5" ಅಂತ ಬರೀರಿ ಸಾಕು. ಒಬ್ಬ ಆಚೆ ಈಚೆ ಆದ್ರೆ ಎರಡೂವರೆ ಅಂಶ ಓಡುತ್ತೆ.

ಆದ್ರೆ ಎದುರಲ್ಲಿ ಕೇಳಿದಾಗ ಭಟ್ಟರನ್ನು ಬಿಟ್ರೆ 1, ಮರೆಯಲ್ಲಿ ಕೇಳಿದಾಗ 5. ನಿಮ್ಮ ಮೊದಲ ಪ್ರಶ್ನೆಗೆ ಇದಕ್ಕಿಂತ ಚೆನ್ನಾಗಿ ನಾನು ಉತ್ತರ ಕೊಡ್ತಿರಲಿಲ್ಲ.

ಜವಾರಿ ಜ್ವಾಳ

ಅಜ್ಜಿ ನಶ್ಯ ಏರಸ್ತಿದ್ರ ಅದನ್ನೂ ಹಿಡದೀರೇನ್ರಿ?

ಮೂರನೇ ಮಹಡಿ

ಹಿಡಿದಿದ್ದೀನಿ. ಅಜ್ಜಿ ಮಾತ್ರ ಎಲ್ಲರೆದುರೇ ಒಪ್ಪಿಕೊಂಡಿದ್ದು, ಡಬ್ಬಿ ತೆಗೆದು ನನಗೂ ಒಂದು ಚಿಟಿಕೆ ಕೊಡೋಕೆ ಬಂದ್ರು.

ಕುಡ್ಲದ ಕೊಡೆ

ಎಲ್ಲ ಸರಿ, ಒಂದು ಡೌಟು. 40 ಜನರನ್ನು ನೀವು ಕೇಳಿದ್ರಿ. ನಿಮ್ಮನ್ನು ಯಾರು ಕೇಳಿದ್ದು? ದಿನಾ ಹನ್ನೊಂದು ಗಂಟೆಗೆ ಆ ಲೈಟರ್ ದಾರದ ಹತ್ತಿರ ನೀವು ಎಂತಕ್ಕೆ ಇಳಿಯುವುದು?

ಮೂರನೇ ಮಹಡಿ

6 ಮಾಡ್ಕೊಳ್ಳಿ. ದಿನಕ್ಕೆ ಒಂದೇ ಒಂದು ಅಕ್ಕ, ದೇವರಾಣೆ.

ದಂತಪಂಕ್ತಿ

ಒಂದೇ ಅಂತ ಎಲ್ಲರೂ ಹೇಳ್ತಾರೆ. ಬಾಯಿ ತೋರಿಸೋಕೆ ಬನ್ನಿ.